ದವಾಖಾನ್ಯಾಗ ನಮಗ ಕಸಬರಿಗಿ ಅಷ್ಟೇ ಏನು?

ಹಾಸ್ಟೆಲಿನ ಗೆಳೆಯರೇ, ತಂಗ್ಯಾರೇ,

ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೆ ಹೋಗಿ. ಬಾದಾಮಿಗೆ ಹೋಗಿ, ಹುನಗುಂದಕ್ಕೆ ಹೋಗಿ, ಇಳಕಲ್ಲಿನ ಸರ್ಕಾರಿ ದವಾಖಾನೆಗೆ ಹೋಗಿ. ಚೀಟಿ ಮಾಡಿಸುವ ಕಿಟಕಿಯ ಹತ್ತಿರ ಒಂದು ತಾಸು ಸುಮ್ಮನೆ ನಿಂತು ನೋಡಿ. ನಸುಕಿನಲ್ಲೇ ಬಂದು ನೆಲ ಒರೆಸುವವರು ಯಾರು? ಹೆರಿಗೆ ಕೋಣೆಯ ರಕ್ತ ತೊಳೆಯುವವರು ಯಾರು? ಹೆಣ ಎತ್ತುವವರು ಯಾರು? ಅವರ ಓಣಿ ಯಾವುದು ಅಂತ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಅವ್ವ, ನಮ್ಮ ಚಿಗವ್ವ, ನಮ್ಮ ಕಾಕಾ. ಈಗ ಔಷಧಿ ಕೊಡುವ ಕಿಟಕಿ ನೋಡಿ. ರಕ್ತ ಪರೀಕ್ಷೆ ಮಾಡುವ ಮೇಜು ನೋಡಿ. ಎಕ್ಸ್‌ರೇ ಕೋಣೆ ನೋಡಿ, ಹಾಜರಿ ಪುಸ್ತಕ ಇಟ್ಟುಕೊಂಡು ಕೂತವರನ್ನು ನೋಡಿ. ಅಲ್ಲಿ ನಮ್ಮವರು ಎಷ್ಟು ಮಂದಿ? ಎಣಿಸಿ ನೋಡ್ರಿ. ಎಣಿಸಿದ ಮೇಲೂ ಕೈಬೆರಳು ಉಳಿದರೆ ಆಶ್ಚರ್ಯ ಪಡಬ್ಯಾಡ್ರಿ.

ಕೆಲಸ ಸಣ್ಣದು ಅಂತ ನಾವು ಹೇಳುತ್ತಿಲ್ಲ. ನೆಲ ಒರೆಸದಿದ್ದರೆ ಒಂದೇ ದಿನದಲ್ಲಿ ಆಸ್ಪತ್ರೆಯೇ ರೋಗದ ಗೂಡಾಗುತ್ತದೆ. ನಮ್ಮ ಪ್ರಶ್ನೆ ಬೇರೆ. ಒಂದು ಕಟ್ಟಡದಲ್ಲಿ ಹತ್ತು ಮೆಟ್ಟಿಲು ಇರುವಾಗ ಒಂದು ಜಾತಿಯ ಜನ ತಲೆಮಾರುಗಟ್ಟಲೆ ಕೆಳಗಿನ ಮೆಟ್ಟಿಲ ಮೇಲೆ ಮಾತ್ರ ಯಾಕೆ ನಿಂತಿದ್ದಾರೆ? ಮತ್ತು ಅವರ ಮಕ್ಕಳು ಓದಿ, ಮೇಲಿನ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಆ ಮೆಟ್ಟಿಲನ್ನೇ ಯಾಕೆ ಕಿತ್ತುಹಾಕುತ್ತಿದ್ದಾರೆ?

ಈ ಎರಡು ಪ್ರಶ್ನೆ ಬಿಟ್ಟು ‘ಆರೋಗ್ಯ ಇಲಾಖೆಯಲ್ಲಿ ಉದ್ಯೋಗಾವಕಾಶ’ ಅಂತ ಮಾತಾಡೋದು ಅರ್ಧ ಮಾತು.

ಮುಟ್ಟದ ಕೈಗಳು

ಸರ್ಕಾರಿ ದವಾಖಾನೆಯ ಕೆಲಸ ನಮಗೆ ಬರೀ ಸಂಬಳದ ಮಾತಲ್ಲ. ಯಾಕಂದರೆ ವೈದ್ಯ ಅಂದರೆ ಮುಟ್ಟುವ ವೃತ್ತಿ. ನಾಡಿ ಹಿಡಿಯಬೇಕು, ಹೊಟ್ಟೆ ಒತ್ತಿ ನೋಡಬೇಕು, ಗಾಯ ತೊಳೆಯಬೇಕು. ಅಸ್ಪೃಶ್ಯತೆ ತನ್ನ ನಿಜವಾದ ಮುಖ ತೋರಿಸುವುದು ಇಲ್ಲೇ.

1929ರ ಡಿಸೆಂಬರ್ 12ರ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಾಲಾ ಮಾಸ್ತರನ ಪತ್ರ ಅಚ್ಚಾಯಿತು. ಹೆಂಡತಿ ಹೆತ್ತು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಯೊಳಗೆ ಬರುವುದಿಲ್ಲ ಅಂದ. ಬಾಣಂತಿಯನ್ನೇ ಕೂಸಿನ ಜೊತೆ ಕೇರಿಯ ಹೊರಗೆ ತರಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನ ಕೈಗೆ ಕೊಟ್ಟ, ಗಂಡ ಹೆಂಡತಿಗೆ ಇಟ್ಟ. ಅದೇ ದಾರಿಯಲ್ಲಿ ಥರ್ಮಾಮೀಟರು ವಾಪಸು ಹೋಯಿತು. ಡಾಕ್ಟರು ದೂರದಿಂದಲೇ ನೋಡಿ ನ್ಯುಮೋನಿಯಾ ಅಂದ. ಹೆಣ್ಣುಮಗಳು ಸತ್ತಳು. ಬಾಬಾಸಾಹೇಬರು ತಮ್ಮ ಅನುಭವಗಳ ಬರಹದಲ್ಲಿ ಈ ಪತ್ರವನ್ನು ಸೇರಿಸಿಕೊಂಡರು. ಆ ಡಾಕ್ಟರು ಓದಿದವನು. ಓದು ಅವನ ಕೈಯ ಮಡಿಯನ್ನು ತೊಳೆಯಲಿಲ್ಲ.

ಇದು ಹಳೇ ಕಥೆ ಅಂತೀರಾ? 2001-02ರಲ್ಲಿ 11 ರಾಜ್ಯಗಳ 565 ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದ ವಿದ್ವಾಂಸರು 2006ರಲ್ಲಿ ಪುಸ್ತಕ ಪ್ರಕಟಿಸಿದರು. ನೂರಕ್ಕೆ 33 ಹಳ್ಳಿಗಳಲ್ಲಿ ಸರ್ಕಾರದ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗಳಿಗೆ ಹೋಗಲು ನಿರಾಕರಿಸುತ್ತಿದ್ದರು ಎಂದು ಅದರಲ್ಲಿದೆ. ಸಂಬಳ ಸರ್ಕಾರದ್ದು, ಲಸಿಕೆ ಸರ್ಕಾರದ್ದು, ಕಾಲು ಮಾತ್ರ ಜಾತಿಯದ್ದು!

ಹಾಗಾಗಿ ನಮ್ಮ ಓಣಿಯ ಹುಡುಗಿ ಸಿಸ್ಟರ್ ಆದಳು ಅಂದರೆ ಒಂದು ಮನೆಗೆ ಸಂಬಳ ಬಂತು ಅಂತ ಮಾತ್ರ ಅರ್ಥವಲ್ಲ. ಯಾರ ನೆರಳು ಬಿದ್ದರೆ ಮೈಲಿಗೆ ಅನ್ನುತ್ತಿದ್ದರೋ, ಅವರ ಕೈಯಿಂದಲೇ ಊರ ಗೌಡರ ಮೊಮ್ಮಗ ಹೊರಗೆ ಬಂದು ಮೊದಲ ಉಸಿರು ಎಳೆಯುತ್ತಾನೆ. ಭಾಷಣ ಮಾಡದೆ ಆಗುವ ಕ್ರಾಂತಿ ಅದು.

ಇನ್ನೊಂದು ಮಾತು. ನಮ್ಮವರು ಒಳಗಿದ್ದರೆ ರೋಗವೂ ಸರಿಯಾಗಿ ಗೊತ್ತಾಗುತ್ತದೆ. ಇಳಕಲ್ಲಿನ ಸುತ್ತಿನ ಗ್ರಾನೈಟ್ ಕ್ವಾರಿಗಳಲ್ಲಿ ಕಲ್ಲು ಕೊರೆಯುವವನ ಎದೆಯಲ್ಲಿ ಕಲ್ಲಿನ ದೂಳು ಕೂಡುತ್ತದೆ. ಅದಕ್ಕೆ ಸಿಲಿಕೋಸಿಸ್ ಅಂತಾರೆ. ಕೆಮ್ಮು, ದಮ್ಮು, ಮೈ ಸೊರಗೋದು, ಎಲ್ಲಾ ಕ್ಷಯದಂತೆಯೇ. ಕ್ಷಯದ ಗುಳಿಗೆ ಎಷ್ಟು ನುಂಗಿದರೂ ಎದೆಯೊಳಗಿನ ದೂಳು ಕರಗುವುದಿಲ್ಲ. ಅದನ್ನು ಹಿಡಿಯಬೇಕಾದರೆ ಎಕ್ಸ್‌ರೇ ಜೊತೆಗೆ ಒಂದು ಪ್ರಶ್ನೆ ಬೇಕು: ‘ಕಾಕಾ, ಏನ್ ಕೆಲಸ ಮಾಡ್ತಿ? ಎಷ್ಟ್ ವರ್ಷಾತು?’ ಅಪ್ಪನೇ ಕ್ವಾರಿಯಲ್ಲಿ ದುಡಿದವನ ಮಗ ಆ ಪ್ರಶ್ನೆ ಮರೆಯುವುದಿಲ್ಲ. ಹಾಗೆಯೇ ಬಾದಾಮಿ, ಹುನಗುಂದದ ಹಳ್ಳಿಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋದವರ ಕೂಸಿಗೆ ಯಾವ ಚುಚ್ಚುಮದ್ದು ತಪ್ಪಿದೆ, ಅವರು ಯಾವ ಹಬ್ಬಕ್ಕೆ ಊರಿಗೆ ಬರುತ್ತಾರೆ ಅನ್ನೋದು ಅದೇ ಓಣಿಯಲ್ಲಿ ಬೆಳೆದವಳಿಗೆ ಗೊತ್ತಿರುತ್ತದೆ. ಇದು ಯಾವ ಕಾಲೇಜಿನಲ್ಲೂ ಕಲಿಸದ ವಿದ್ಯೆ. ನಮ್ಮಲ್ಲಿದೆ.

ಮೆಟ್ಟಿಲುಗಳ ಲೆಕ್ಕ

ಹಾಸ್ಟೆಲಿನಲ್ಲಿ ಪಿಯುಸಿ ವಿಜ್ಞಾನ ಓದುವ ಹುಡುಗನನ್ನು ಕೇಳಿ, ‘ಮುಂದೆ ಏನಾಗ್ತಿ?’ ಅಂತ. ‘ಡಾಕ್ಟರ್’ ಅಂತಾನೆ. ನೀಟ್ ಪರೀಕ್ಷೆ ಆಗಲಿಲ್ಲ ಅಂದರೆ? ಬಾಯಿ ಕಟ್ಟುತ್ತದೆ. ಒಂದು ವರ್ಷ ಖಾಲಿ ಕೂಡುತ್ತಾನೆ, ಆಮೇಲೆ ಗೋವಾ ಬಸ್ಸು. ಡಾಕ್ಟರು ಮತ್ತು ಕಸಬರಿಗೆ, ಈ ಎರಡರ ನಡುವೆ ಏನೇನಿದೆ ಅಂತ ನಮ್ಮ ಹುಡುಗರಿಗೆ ಯಾರೂ ಹೇಳಿಲ್ಲ. ಮೇಲಿನ ಓಣಿಯ ಹುಡುಗನಿಗೆ ಅವನ ಮಾವ ಹೇಳುತ್ತಾನೆ, ದೊಡ್ಡಪ್ಪ ಹೇಳುತ್ತಾನೆ. ನಮಗೆ ಅಂಥ ಮಾವಂದಿರು ಇನ್ನೂ ಆಗಬೇಕಷ್ಟೆ. ಅಲ್ಲಿಯವರೆಗೆ ಈ ಹಾಳೆಯೇ ನಿಮ್ಮ ಮಾವ ಅಂತ ತಿಳೀರಿ.

ಸರ್ಕಾರದ ಲೆಕ್ಕ ಹೀಗಿದೆ. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ. 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ. ಅದರ ಮೇಲೆ ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ 1946ರಲ್ಲಿ ಭೋರ್ ಸಮಿತಿ ಹೇಳಿತು, ಈ ಕಟ್ಟಡದ ತಳಪಾಯ ಅಲ್ಲಿಂದ ಶುರು. ಈ ಒಂದೊಂದು ಹಂತದಲ್ಲೂ ಒಂದೊಂದು ಗುಂಪು ಹುದ್ದೆ ಇವೆ.

ಉಪಕೇಂದ್ರದ ಸಿಸ್ಟರ್: ನಮ್ಮ ಜನ ‘ನರ್ಸಮ್ಮ’ ಅನ್ನುವವರು. ಹಿಂದೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅಂತ ಹೆಸರಿತ್ತು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಎರಡು ವರ್ಷದ ಎಎನ್‌ಎಂ ತರಬೇತಿ ಬೇಕು. ಬಸುರಿ ಬಾಣಂತಿ, ಚುಚ್ಚುಮದ್ದು, ಮನೆಭೇಟಿ ಎಲ್ಲಾ ಇವರ ಕೈಯಲ್ಲಿ.

ಆರೋಗ್ಯ ನಿರೀಕ್ಷಣಾಧಿಕಾರಿ: ಗಂಡುಹುಡುಗರ ಕಣ್ಣಿಗೆ ಬೀಳದ ಹುದ್ದೆ ಇದು. ಹೆಲ್ತ್ ಇನ್ಸ್‌ಪೆಕ್ಟರ್ ಡಿಪ್ಲೊಮಾ ಮಾಡಿದವರಿಗೆ. ಕುಡಿಯುವ ನೀರಿನ ಮಾದರಿ ತೆಗೆಯುವುದು, ಸೊಳ್ಳೆ ಮರಿ ಹುಡುಕುವುದು, ಜ್ವರದವರ ರಕ್ತಲೇಪನ ತೆಗೆಯುವುದು. ನಮ್ಮ ಕೇರಿಯ ಚರಂಡಿ, ನಮ್ಮ ಕೇರಿಯ ನಳ ಸರಿ ಇಲ್ಲ ಅಂತ ವರದಿ ಬರೆಯುವ ಪೆನ್ನು ಈತನ ಕೈಯಲ್ಲಿರುತ್ತದೆ. ಆ ಪೆನ್ನು ಯಾರ ಕೈಯಲ್ಲಿರಬೇಕು, ನೀವೇ ಹೇಳಿ.

ಆಸ್ಪತ್ರೆಯ ನರ್ಸು: ಈಗಿನ ಹೆಸರು ಶುಶ್ರೂಷಾಧಿಕಾರಿ. ಮೂರು ವರ್ಷದ ಜಿಎನ್‌ಎಂ, ಇಲ್ಲವೇ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಗಂಡುಹುಡುಗರೂ ಓದಬಹುದು. ‘ಹೆಂಗಸರ ಕೆಲಸ’ ಅಂತ ನಗುವವರು ನಗಲಿ, ತಿಂಗಳ ಕೊನೆಗೆ ನಗುವವನು ಬೇರೆ.

ಔಷಧಿ ಕಿಟಕಿ: ಫಾರ್ಮಸಿ ಅಧಿಕಾರಿ. ಪಿಯುಸಿ ವಿಜ್ಞಾನದ ಮೇಲೆ ಎರಡು ವರ್ಷದ ಡಿ.ಫಾರ್ಮ, ಜೊತೆಗೆ 500 ತಾಸಿನ ತರಬೇತಿ. ಸರ್ಕಾರಿ ನೌಕರಿ ಸಿಗದಿದ್ದರೂ ಊರಲ್ಲಿ ಸ್ವಂತ ಔಷಧಿ ಅಂಗಡಿ ಇಡುವ ಲೈಸೆನ್ಸಿಗೆ ಇದೇ ಬೇಕು.

ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಕಣ್ಣಿನ ಪರೀಕ್ಷೆ: ಇವೆಲ್ಲ ರಾಜ್ಯದ ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾಗಳು. ಎಸ್ಸೆಸ್ಸೆಲ್ಸಿ ಆದವರಿಗೂ ಬಾಗಿಲು ತೆರೆದ ಕೋರ್ಸುಗಳಿವೆ. ಪಿಯುಸಿ ವಿಜ್ಞಾನ ಆಗಿದ್ದರೆ ಅವಧಿ ಕಡಿಮೆ.

ವಿಜ್ಞಾನ ಓದದವರಿಗೂ ಜಾಗ ಇದೆ: ಸಮಾಜಕಾರ್ಯ ಓದಿದವರಿಗೆ ಎಚ್‌ಐವಿ ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕ ಹುದ್ದೆ, ಕಚೇರಿಗಳಲ್ಲಿ ಗುಮಾಸ್ತ ಹುದ್ದೆ.

ಇನ್ನು ಡಾಕ್ಟರು. ಐದೂವರೆ ವರ್ಷದ ಓದು. ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಇದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಪರಿಶಿಷ್ಟರಿಗೆ ಅರ್ಹತೆ 40 ಪರ್ಸೆಂಟೈಲ್. ಆದರೆ ಹುಷಾರು: ಅದು ಸಾಲಿನಲ್ಲಿ ನಿಲ್ಲುವ ಅರ್ಹತೆ ಮಾತ್ರ. ಸರ್ಕಾರಿ ಸೀಟು ಸಿಗಬೇಕಾದರೆ ಅದಕ್ಕಿಂತ ಬಹಳ ಮೇಲೆ ಹೋಗಬೇಕು. ಓದಬೇಕು, ಬೆವರು ಇಳಿಸಿ ಓದಬೇಕು. ಆದರೆ ನೀಟ್ ಆಗಲಿಲ್ಲ ಅಂತ ಬಾಳೇ ಮುಗಿದ ಹಾಗೆ ಕೂಡಬಾರದು. ಅದೊಂದೇ ಬಾಗಿಲಲ್ಲ.

ನಮ್ಮ ಜಿಲ್ಲೆಯ ಸಂಕಟ ಒಂದಿದೆ. ಸರ್ಕಾರಿ ವೈದ್ಯಕೀಯ ಕಾಲೇಜು ಬೇಕೆಂದು ಬಾಗಲಕೋಟೆ ವರ್ಷಗಳಿಂದ ಕೇಳುತ್ತ ಬಂದಿದೆ. ಇಳಕಲ್ ದಾಟಿದರೆ ಕುಷ್ಟಗಿ ತಾಲೂಕು, ಕೊಪ್ಪಳ ಜಿಲ್ಲೆ. ಅಲ್ಲಿಗೆ ಸಂವಿಧಾನದ 371ಜೆ ಕಲಮು ಇದೆ, ನಮಗೆ ಇಲ್ಲ. ಆ ಜಿಲ್ಲೆಗಳಲ್ಲಿ ಸಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80, ಡಿ ಗುಂಪಿನಲ್ಲಿ ನೂರಕ್ಕೆ 85 ಅಲ್ಲಿಯ ಸ್ಥಳೀಯರಿಗೇ. ಕೊಪ್ಪಳದ ವೈದ್ಯಕೀಯ ಕಾಲೇಜಿನಲ್ಲೂ ಹೆಚ್ಚಿನ ಸೀಟು ಆ ಭಾಗದವರಿಗೇ. ಅವರ ಪಾಲು ಅವರಿಗಿರಲಿ, ಅವರೂ ಬರ ಉಂಡ ಜನ. ಆದರೆ ನಮಗಿರುವ ಬಾಗಿಲು ಇಷ್ಟು ಕಡಿಮೆ ಆದಮೇಲೆ, ಇದ್ದ ಬಾಗಿಲಲ್ಲಿ ಒಂದನ್ನೂ ಮುಚ್ಚಲು ಬಿಡಬಾರದು.

ಏಜೆಂಟರ ಬಗ್ಗೆ ಎಚ್ಚರ

ಪರೀಕ್ಷೆ ಮುಗಿದ ತಿಂಗಳಲ್ಲಿ ಹಾಸ್ಟೆಲಿನ ಗೇಟಿಗೆ ಬರುವ ಒಂದು ಜಾತಿಯ ಮನುಷ್ಯರಿದ್ದಾರೆ. ಬಿಳೀ ಅಂಗಿ, ಬಣ್ಣದ ಕಾಗದ. ‘ಫೀ ಇಲ್ಲ ತಮ್ಮ, ನಿನ್ನ ಸ್ಕಾಲರ್‌ಶಿಪ್ಪೇ ಫೀ. ಸರ್ಟಿಫಿಕೇಟ್ ಕೊಡು, ನರ್ಸಿಂಗ್ ಸೀಟು ಕೊಡ್ತೀವಿ’ ಅಂತಾರೆ. ಮೂಲ ಅಂಕಪಟ್ಟಿ ಕೊಟ್ಟಿರೋ, ಸಿಕ್ಕಿಬಿದ್ದಿರಿ. ಕಾಲೇಜಿಗೆ ಮಾನ್ಯತೆ ಇಲ್ಲ, ದವಾಖಾನೆ ಇಲ್ಲ, ಪಾಠ ಇಲ್ಲ. ಬಿಟ್ಟು ಬರುತ್ತೇನೆ ಅಂದರೆ ಅಂಕಪಟ್ಟಿಗೆ ದಂಡ ಕಟ್ಟು ಅಂತಾರೆ.

ಮಾಡಬೇಕಾದ್ದು ಸರಳ. ನರ್ಸಿಂಗ್ ಆದರೆ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ಪಟ್ಟಿಯಲ್ಲಿ, ಫಾರ್ಮಸಿ ಆದರೆ ಭಾರತೀಯ ಫಾರ್ಮಸಿ ಕೌನ್ಸಿಲ್ಲಿನ ಪಟ್ಟಿಯಲ್ಲಿ, ಲ್ಯಾಬ್ ಎಕ್ಸ್‌ರೇ ಆದರೆ ಅರೆವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರು ಆ ವರ್ಷಕ್ಕೆ ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಆ ಸರ್ಟಿಫಿಕೇಟು ಗೋಡೆಗೆ ಅಂಟಿಸಲಿಕ್ಕೆ ಮಾತ್ರ. ಮೊದಲು ಸರ್ಕಾರಿ ಸಂಸ್ಥೆ ನೋಡಿ, ಆಮೇಲೆ ಉಳಿದದ್ದು. ಮೂಲ ದಾಖಲೆಗಳ ನಕಲು ನಿಮ್ಮ ಹತ್ತಿರ ಸದಾ ಇರಲಿ. ಸ್ಕಾಲರ್‌ಶಿಪ್ ನಿಮ್ಮ ಹೆಸರಿಗೆ ಬರುವ ಹಣ, ಏಜೆಂಟನ ಅಪ್ಪನ ಗಂಟಲ್ಲ.

ಜಾತಿ ಪ್ರಮಾಣಪತ್ರದ ಜೊತೆ ನೌಕರಿಯ ಹೊತ್ತಿಗೆ ಸಿಂಧುತ್ವ ಪ್ರಮಾಣಪತ್ರವೂ ಬೇಕಾಗುತ್ತದೆ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಓಡಾಡಿದರೆ ಕಾಲು ಸೋಲುತ್ತವೆ. ಅಪ್ಪನ ಶಾಲಾ ದಾಖಲೆ, ಅಜ್ಜನ ಕಾಗದ ಎಲ್ಲಿವೆ ಅಂತ ಈಗಲೇ ಹುಡುಕಿ ಇಡಿ.

ಕಿತ್ತುಹಾಕಿದ ಮೆಟ್ಟಿಲು

ಈಗ ಮುಖ್ಯ ಮಾತಿಗೆ ಬರೋಣ.

ಒಬ್ಬ ಹುಡುಗಿ ಇಷ್ಟೆಲ್ಲ ಮಾಡಿದಳು ಅಂತ ಇಟ್ಟುಕೊಳ್ಳಿ. ಹಾಸ್ಟೆಲಿನ ಅನ್ನ ಉಂಡು ಓದಿದಳು, ನರ್ಸಿಂಗ್ ಮುಗಿಸಿದಳು. ಆಸ್ಪತ್ರೆಗೆ ಹೋದರೆ ಏನಂತಾರೆ? ‘ಖಾಯಂ ಇಲ್ಲಮ್ಮ, ಗುತ್ತಿಗೆ ಐತಿ. ಹನ್ನೊಂದು ತಿಂಗಳ ಆರ್ಡರ್.’

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಹಳ್ಳಿಯ ದವಾಖಾನೆಗೆ ದುಡ್ಡು ಬಂತು, ನಿಜ. ಆಶಾ ಅಕ್ಕ ಬಂದಳು, ಹೆರಿಗೆಗಳು ಆಸ್ಪತ್ರೆಗೆ ಬಂದವು, ಒಳ್ಳೇದೇ ಆಯಿತು. ಆದರೆ ಅದರ ಜೊತೆಗೆ ಗುತ್ತಿಗೆ ನೌಕರಿಯ ಪದ್ಧತಿಯೂ ಬಂದು ಬೇರು ಬಿಟ್ಟಿತು. 2018ರ ನಂತರದ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಕೇಳಲಿಕ್ಕೆ ಅಧಿಕಾರಿ, ನೇಮಕ ಮಾತ್ರ ಗುತ್ತಿಗೆ. 2008ರಲ್ಲಿ ಶುರುವಾದ 108 ಆಂಬುಲೆನ್ಸ್ ಖಾಸಗಿ ಸಂಸ್ಥೆಯ ಮೂಲಕ ನಡೆದು ಬಂತು. ಆಶಾ ಅಕ್ಕನನ್ನಂತೂ ನೌಕರಳು ಅಂತಲೇ ಕರೆಯುವುದಿಲ್ಲ, ಅವಳು ‘ಸ್ವಯಂಸೇವಕಿ’. ತಿಂಗಳಿಗೆ 10,000 ರೂಪಾಯಿಯ ಭರವಸೆಗೆ 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂಡಬೇಕಾಯಿತು. ಕಸ ಗುಡಿಸುವ, ಬಟ್ಟೆ ಒಗೆಯುವ, ಕಾವಲು ಕಾಯುವ ಡಿ ಗುಂಪಿನ ಕೆಲಸ ಹೊರಗುತ್ತಿಗೆಗೆ ಹೋಯಿತು. ಅಲ್ಲಿ ಸರ್ಕಾರಕ್ಕೂ ಕೂಲಿಯವನಿಗೂ ನಡುವೆ ಒಬ್ಬ ಏಜೆನ್ಸಿಯವನು ನಿಂತ.

ಗುತ್ತಿಗೆ ಅಂದರೆ ಸಂಬಳ ಕಡಿಮೆ ಅಂತ ಮಾತ್ರ ತಿಳಿಯಬ್ಯಾಡ್ರಿ. ಮೀಸಲಾತಿಯ ಬುಡಕ್ಕೇ ಕೊಡಲಿ ಅದು. ಮೀಸಲಾತಿ ನಿಲ್ಲುವುದು ಮಂಜೂರಾದ ಖಾಯಂ ಹುದ್ದೆಯ ಮೇಲೆ. ಹುದ್ದೆಗೆ ರೋಸ್ಟರ್ ಅಂತ ಒಂದು ಪುಸ್ತಕ ಇರುತ್ತದೆ, ಯಾವ ಬಿಂದು ಯಾರಿಗೆ ಅಂತ ಅದರಲ್ಲಿ ಬರೆದಿರುತ್ತದೆ. ಹುದ್ದೆಯನ್ನೇ ಗುತ್ತಿಗೆಗೆ ಕೊಟ್ಟರೆ ರೋಸ್ಟರ್ ಪುಸ್ತಕ ಕಪಾಟಿನಲ್ಲಿ ಮಲಗುತ್ತದೆ.

2022ರಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣವನ್ನು 15ರಿಂದ 17ಕ್ಕೆ ಏರಿಸಿದ ಕಾನೂನು ಬಂತು. ನಾವು ಪಟಾಕಿ ಹೊಡೆದೆವು. 2025ರ ಆಗಸ್ಟಿನಲ್ಲಿ ಒಳಮೀಸಲಾತಿಗೆ ಸಚಿವ ಸಂಪುಟ ಒಪ್ಪಿತು. ದಶಕಗಳ ಹೋರಾಟದ ಫಲ, ನ್ಯಾಯದ ಮಾತು. ಆದರೆ ಒಂದು ಲೆಕ್ಕ ಮಾಡೋಣ, ಎಲ್ಲರಿಗೂ ಗಣಿತ ಬರುತ್ತದಲ್ಲ? ಸೊನ್ನೆಯಲ್ಲಿ 15 ಪರ್ಸೆಂಟ್ ಎಷ್ಟು? ಸೊನ್ನೆ. ಸೊನ್ನೆಯಲ್ಲಿ 17 ಪರ್ಸೆಂಟ್ ಎಷ್ಟು? ಅದೂ ಸೊನ್ನೆ. ಆ ಸೊನ್ನೆಯನ್ನು ಎಡ, ಬಲ, ಅಲೆಮಾರಿ ಅಂತ ಎಷ್ಟು ನ್ಯಾಯವಾಗಿ ಹಂಚಿಕೊಂಡರೂ ಯಾರ ಗಂಗಾಳಕ್ಕೂ ಅನ್ನ ಬೀಳುವುದಿಲ್ಲ. ಎಷ್ಟು ಪರ್ಸೆಂಟ್ ಅಂತ ನಾವು ನಾವೇ ಕೂಗಾಡುವಾಗ, ಯಾವುದರಲ್ಲಿ ಪರ್ಸೆಂಟ್ ಅಂತ ಕೇಳುವುದನ್ನು ಮರೆತಿದ್ದೇವೆ. ನಮ್ಮ ಹಾಸ್ಟೆಲುಗಳಲ್ಲಿ ಈ ಓಣಿ ಆ ಓಣಿ ಅಂತ ಬೇರೆ ಬೇರೆ ಕೂತು ಉಣ್ಣುವ ಹುಡುಗರು ಈ ಲೆಕ್ಕವನ್ನು ಒಟ್ಟಿಗೆ ಕೂತು ಬಿಡಿಸಲಿ.

ಇನ್ನೊಂದು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು, ಹೆಂಗಸರಿಗೆ ನೂರಕ್ಕೆ 33 ಇರಬೇಕು ಅಂತ ಸುತ್ತೋಲೆ ಹೊರಡಿಸಿತು. ಸಂತೋಷ. ಆದರೆ ಅದು 20ಕ್ಕಿಂತ ಕಡಿಮೆ ಮಂದಿ ಇರುವ ಕಡೆ ಅನ್ವಯಿಸುವುದಿಲ್ಲ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರಗುತ್ತಿಗೆಯವರನ್ನು ಎಣಿಸಿದರೆ 20 ಎಲ್ಲಿ ಆಗುತ್ತದೆ? ಇಡೀ ಜಿಲ್ಲೆಯನ್ನು ಒಟ್ಟಾಗಿ ಎಣಿಸಿದರೆ ಆಗುತ್ತದೆ. ಹೇಗೆ ಎಣಿಸುತ್ತಾರೆ ಅನ್ನೋದರ ಮೇಲೆ ನಮ್ಮ ಅನ್ನ ನಿಂತಿದೆ. ಕಸಬರಿಗೆಯ ಕೆಲಸಕ್ಕೆ ಮೀಸಲಾತಿ ಬೇಡ, ಅದು ಕೇಳದೆಯೇ ನಮಗೆ ಸಿಗುತ್ತದೆ! ನಮಗೆ ಬೇಕಾದ್ದು ಕಂಪ್ಯೂಟರ್ ಮುಂದೆ ಕೂಡುವ, ಲ್ಯಾಬಿನಲ್ಲಿ ನಿಲ್ಲುವ ಹೊರಗುತ್ತಿಗೆ ಹುದ್ದೆಗಳಲ್ಲಿ ಲೆಕ್ಕ.

‘ಕೋರ್ಟಿಗೆ ಹೋದರೆ?’ ಅಂತ ಕೇಳುತ್ತೀರಿ. ಗುತ್ತಿಗೆಯವರಿಗೆ ಖಾಯಂ ಆಗುವ ಹಕ್ಕಿಲ್ಲ ಅಂತ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟು ಹೇಳಿತು. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣ, ನಮ್ಮದೇ ರಾಜ್ಯದ್ದು. ಅಂದಿನಿಂದ ಯಾವ ಕಚೇರಿಗೆ ಹೋದರೂ ಅದೇ ತೀರ್ಪನ್ನು ಮುಖಕ್ಕೆ ಹಿಡಿದರು. ಆದರೆ 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು ಜಗ್ಗೋ ಪ್ರಕರಣದಲ್ಲಿ ಬೇರೆ ಮಾತು ಹೇಳಿತು. ಕೇಂದ್ರ ಜಲ ಆಯೋಗದಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸಿದವರನ್ನು, ತೋಟ ನೋಡಿಕೊಂಡವರನ್ನು ಖಾಯಂ ಮಾಡಿ ಅಂತ ಆದೇಶ ಕೊಟ್ಟಿತು. ಉಮಾದೇವಿ ತೀರ್ಪನ್ನು ದುಡಿಯುವವರ ಮೇಲೆ ಆಯುಧ ಮಾಡಬೇಡಿ ಅಂದಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರು ಖಾಯಂ ನೇಮಕದ ಪತ್ರ ಪಡೆದರು. ಅದು ಯಾರೂ ಕರೆದು ಕೊಟ್ಟದ್ದಲ್ಲ, ವರ್ಷಗಟ್ಟಲೆ ರಸ್ತೆಗಿಳಿದು ಪಡೆದದ್ದು. ಬೀದಿ ಗುಡಿಸುವವರಿಗೆ ಆಗುವುದು ಆಸ್ಪತ್ರೆ ಗುಡಿಸುವವರಿಗೆ ಯಾಕೆ ಆಗಬಾರದು?

2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ತಾಟು ಬಾರಿಸಿತು. ಮೇ 3ಕ್ಕೆ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿಸಿದರು. ಆ ಹೂ ಬಿದ್ದ ಅಂಗಳವನ್ನು ಮರುದಿನ ಗುಡಿಸಿದವರು ಯಾರು? ಗುತ್ತಿಗೆಯ ಹೆಣ್ಣುಮಕ್ಕಳು. ನಮಗೆ ಹೂ ಬ್ಯಾಡ. ನೇಮಕದ ಆದೇಶ ಕೊಡ್ರಿ.

‘ನೌಕರಿ ಸಿಕ್ಕರೆ ಸಾಕಪ್ಪ’ ಅನ್ನುವವರಿಗೆ

ಮನೆಯಲ್ಲಿ ಅಪ್ಪ ಹೇಳುತ್ತಾನೆ: ‘ಗುತ್ತಿಗಿ ಆದ್ರ ಏನಾತು, ನೆರಳಾಗ ಕೂತು ದುಡೀತಿ. ಜಗಳ ಗಿಗಳ ಮಾಡಿ ಇದ್ದದ್ದೂ ಕಳಕೋಬ್ಯಾಡ.’ ಅಪ್ಪನ ಮಾತನ್ನು ತಳ್ಳಿಹಾಕಲಿಕ್ಕೆ ಆಗುವುದಿಲ್ಲ. ಹಸಿವು ತತ್ವ ಕೇಳುವುದಿಲ್ಲ. ಗುತ್ತಿಗೆ ಸಿಕ್ಕರೆ ಸೇರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಸೇರಿದ ಮೇಲೆ ಭವಿಷ್ಯ ನಿಧಿಯ ನಂಬರ್ ಕೇಳಿ, ಇಎಸ್‌ಐ ಕಾರ್ಡು ಕೇಳಿ, ಸಂಬಳದ ಚೀಟಿ ಕೇಳಿ, ಸಂಘಕ್ಕೆ ಸೇರಿ. ಮುಂದಿನ ಖಾಯಂ ಪರೀಕ್ಷೆಗೆ ಓದುವುದನ್ನು ನಿಲ್ಲಿಸಬೇಡಿ.

ಇನ್ನೊಂದು ಬಗೆಯ ಗೆಳೆಯರಿದ್ದಾರೆ. ‘ಸರ್ಕಾರಿ ನೌಕರಿ ಅಂದ್ರ ವ್ಯವಸ್ಥೆಯೊಳಗ ಸೇರಿಕೊಳ್ಳೋದು, ಹೋರಾಟ ಸತ್ತಂಗ’ ಅಂತಾರೆ. ಇದಕ್ಕೆ ನಮ್ಮ ಉತ್ತರ: ಸಾವಿತ್ರಿಬಾಯಿ ಫುಲೆ 1897ರಲ್ಲಿ ಸತ್ತದ್ದು ಭಾಷಣದ ವೇದಿಕೆಯಲ್ಲಲ್ಲ. ದತ್ತುಮಗ ಡಾಕ್ಟರ್ ಯಶವಂತನ ದವಾಖಾನೆಗೆ ಪ್ಲೇಗಿನ ರೋಗಿಗಳನ್ನು ತಂದು ಸೇವೆ ಮಾಡುತ್ತ, ಅದೇ ಪ್ಲೇಗ್ ತಗುಲಿ. ರೋಗಿಯ ಪಕ್ಕ ನಿಲ್ಲುವುದೂ ಹೋರಾಟವೇ. ಆದರೆ ನೌಕರಿ ಸಿಕ್ಕ ಕೂಡಲೇ ನವನಗರದಲ್ಲಿ ಮನೆ ಮಾಡಿ, ಕೇರಿಯ ದಾರಿ ಮರೆತು, ಹೆಸರಿನ ಅಡ್ಡಹೆಸರು ಅಳಿಸಿಕೊಳ್ಳುವ ಅಣ್ಣಂದಿರಿಗೆ ಈ ಮಾತು ಅನ್ವಯಿಸುವುದಿಲ್ಲ. ನಿಮ್ಮ ಹುದ್ದೆಯ ಹಿಂದೆ ಎಷ್ಟು ಜನರ ಉಪವಾಸ ಇದೆ ಅಂತ ನೆನಪಿಡಿ ಅಣ್ಣಾ.

ಮತ್ತೊಂದು ವಿಷಯ. ವಿದ್ಯೆ ನಮ್ಮಲ್ಲಿ ಇರಲಿಲ್ಲ ಅನ್ನುವವರಿಗೆ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನ ಹೆಸರು ಹೇಳಿ. ಶಾಲೆಯ ಮುಖ ನೋಡದ ಆ ಬಡತಾಯಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದಳು, ಪೈಸೆ ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡಳು. ಅಂಥ ಸೂಲಗಿತ್ತಿಯರು ನಮ್ಮ ಓಣಿ ಓಣಿಯಲ್ಲೂ ಇದ್ದರು. ವಿದ್ಯೆ ಇತ್ತು, ಸರ್ಟಿಫಿಕೇಟು ಇರಲಿಲ್ಲ, ಸಂಬಳ ಇರಲಿಲ್ಲ. ನಾವು ಈಗ ಕೇಳುತ್ತಿರುವುದು ಆ ಮೂರನ್ನೂ ಒಟ್ಟಿಗೆ.

ಹಾಸ್ಟೆಲಿನಲ್ಲಿ ಮಾಡಬಹುದಾದ ನಾಲ್ಕು ಕೆಲಸ

ಒಂದು. ಮೇಲೆ ಹೇಳಿದ ಮೆಟ್ಟಿಲುಗಳನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆದು ಊಟದ ಕೋಣೆಯ ಗೋಡೆಗೆ ಅಂಟಿಸಿ. ಯಾವ ಹುದ್ದೆ, ಯಾವ ಓದು, ಎಷ್ಟು ವರ್ಷ. ಎಸ್ಸೆಸ್ಸೆಲ್ಸಿಯ ಹುಡುಗ ದಿನಾ ಅನ್ನದ ಜೊತೆ ಅದನ್ನೂ ನೋಡಲಿ.

ಎರಡು. ಈಗಾಗಲೇ ನರ್ಸಿಂಗ್, ಫಾರ್ಮಸಿ, ಲ್ಯಾಬ್ ಓದುತ್ತಿರುವ, ನೌಕರಿ ಮಾಡುತ್ತಿರುವ ನಮ್ಮ ಅಕ್ಕ ಅಣ್ಣಂದಿರನ್ನು ತಿಂಗಳಿಗೊಂದು ಭಾನುವಾರ ಹಾಸ್ಟೆಲಿಗೆ ಕರೆಯಿರಿ. ಹಾರ ತುರಾಯಿ ಬೇಡ, ಚಹಾ ಸಾಕು. ಅರ್ಜಿ ಯಾವಾಗ ಕರೆಯುತ್ತಾರೆ, ಪ್ರಶ್ನೆ ಏನು ಬರುತ್ತವೆ, ರಾತ್ರಿ ಪಾಳಿ ಹೇಗಿರುತ್ತದೆ, ಹೆಣ್ಣುಮಕ್ಕಳಿಗೆ ಏನು ತೊಂದರೆ, ಎಲ್ಲ ಬಾಯಿಬಿಟ್ಟು ಕೇಳಿ.

ಮೂರು. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿದೆ. 10 ರೂಪಾಯಿ ಖರ್ಚು, 30 ದಿನದ ಗಡುವು. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಹೀಗೆ ಬರೆಯಿರಿ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಖಾಲಿ ಎಷ್ಟು, ಗುತ್ತಿಗೆ ಎಷ್ಟು, ಹೊರಗುತ್ತಿಗೆ ಎಷ್ಟು? ರೋಸ್ಟರ್ ಪುಸ್ತಕದ ನಕಲು ಕೊಡಿ. ಪರಿಶಿಷ್ಟರ ಬ್ಯಾಕ್‌ಲಾಗ್ ಹುದ್ದೆ ತುಂಬಲಿಕ್ಕೆ 2001ರ ವಿಶೇಷ ನಿಯಮ ಇದೆಯಲ್ಲ, ಅದರಂತೆ ಗುರುತಿಸಿದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು? 2024ರ ಸುತ್ತೋಲೆಯಂತೆ ಹೊರಗುತ್ತಿಗೆಯ ಲೆಕ್ಕ ಹೇಗೆ ಮಾಡಿದ್ದೀರಿ? ಒಂದೊಂದು ಹಾಸ್ಟೆಲು ಒಂದೊಂದು ತಾಲೂಕು ಹಂಚಿಕೊಳ್ಳಿ. ಉತ್ತರ ಬಂದರೆ ಓದಿ ಹೇಳಿ. ಬರದಿದ್ದರೆ ಮೇಲ್ಮನವಿ ಹಾಕಿ.

ನಾಲ್ಕು. ಆಸ್ಪತ್ರೆಯಲ್ಲಿ ದುಡಿಯುವ ನಮ್ಮ ಅವ್ವಂದಿರ ಹತ್ತಿರ ಹೋಗಿ ಕೂಡಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಏನು ಹೇಳುತ್ತದೆ ಅಂತ ಅವರಿಗೆ ಓದಿ ಹೇಳಿ. ಹಳದಿ ಡಬ್ಬಿಗೆ ರಕ್ತ ಮಾಂಸದ ಕಸ, ಕೆಂಪಿಗೆ ನಳಿಕೆ ಪ್ಲಾಸ್ಟಿಕ್ಕು, ಬಿಳಿ ಗಟ್ಟಿ ಡಬ್ಬಿಗೆ ಸೂಜಿ ಬ್ಲೇಡು, ನೀಲಿಗೆ ಗಾಜು. ಇದನ್ನು ಬೇರೆ ಬೇರೆ ಹಾಕಬೇಕಾದವರು ಕಸ ಹುಟ್ಟಿಸುವ ಡಾಕ್ಟರು, ನರ್ಸುಗಳು. ಆಮೇಲೆ ಕೈ ಹಾಕಿ ಆರಿಸಬೇಕಾದವಳು ನಮ್ಮವ್ವ ಅಲ್ಲ. ಆ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್-ಬಿ ಮತ್ತು ಧನುರ್ವಾತದ ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ ಅಂತ ಅದೇ ನಿಯಮದಲ್ಲಿದೆ. ‘ಅವ್ವಾ, ನಿನಗ ಸೂಜಿ ಹಾಕ್ಯಾರೇನು? ಕೈಚೀಲ ಕೊಟ್ಟಾರೇನು? ಪಿಎಫ್ ತುಂಬತಾರೇನು?’ ಅಂತ ಕೇಳಿ, ಬರೆದುಕೊಳ್ಳಿ, ಅರ್ಜಿ ಬರೆದುಕೊಡಿ. ಆಕೆಯ ಬೆವರಿನಿಂದ ಓದುವ ನಮ್ಮ ಅಕ್ಷರದ ಮೊದಲ ಸಾಲ ಅದು.

ಗೆಳೆಯರೇ, ಕೂಡಲಸಂಗಮ ನಮ್ಮ ಹುನಗುಂದದ ನೆಲದಲ್ಲೇ ಇದೆ. ಕಾಯಕದಲ್ಲಿ ಮೇಲು ಕೀಳಿಲ್ಲ ಅಂತ ಎಂಟುನೂರು ವರ್ಷದಿಂದ ಭಾಷಣ ಕೇಳುತ್ತಿದ್ದೇವೆ. ಮೇಲು ಕೀಳು ಇಲ್ಲ ಅನ್ನುವುದು ನಿಜವಾದರೆ, ಆ ಕಾಯಕಗಳು ಎಲ್ಲ ಓಣಿಗೂ ಹಂಚಿಹೋಗಲಿ. ಕಸಬರಿಗೆ ಎಲ್ಲರ ಕೈಗೂ ಬರಲಿ, ಸ್ಟೆಥಾಸ್ಕೋಪು ಎಲ್ಲರ ಕೊರಳಿಗೂ ಬರಲಿ. ಹುದ್ದೆ ಖಾಯಂ ಇರಲಿ, ರೋಸ್ಟರ್ ಬಯಲಿಗೆ ಬರಲಿ.

ಓದಿ. ಅರ್ಜಿ ಹಾಕಿ. ಲೆಕ್ಕ ಕೇಳಿ. ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ನಿಲ್ಲುವುದಿಲ್ಲ.

ಈ ಹಾಳೆ ಓದಿ ಮಡಚಿ ಇಡಬೇಡಿ, ಪಕ್ಕದ ಕೋಣೆಯವನಿಗೆ ಕೊಡಿ.

ಜೈಭೀಮ್.